ತೊರಕೆ ಮೀನಿನ ಹುಡುಗಿ ಗಂಡಿನ ಮನೆ ನೋಡಲು ಹೋದದ್ದು

ಗಂಡಿನ ಮನೆ ನೋಡಲು ನಮ್ಮಲ್ಲಿ ಹೆಣ್ಣು ಹೋಗುವುದಿಲ್ಲ, ದೊಡ್ಡವರು ಹೋಗಿ ಬರುತ್ತಾರೆ. ನಾನು ಹೋದೆ. ಬಾಳಬೇಕಾದವಳು ನಾನು, ನೋಡುವವರು ಇನ್ಯಾರೋ ಅಂದರೆ ಯಾವ ನ್ಯಾಯ ಎಂದು ಕುಂದಾಪುರದ ಕೆಲಸಕ್ಕೆ ರಜಾ ಹಾಕಿ ಬಂದು, ಗೌರಿಬಿದನೂರಿನ ನಮ್ಮ ಮನೆಯಲ್ಲಿ ಬೆಳಗ್ಗೆಯೇ ಅಪ್ಪನ ಜೊತೆ ಜಗಳವಾಡಿ ಅವರ ಜೊತೆಯೇ ಕಾರು ಹತ್ತಿದ್ದೆ.

ಶಿಡ್ಲಘಟ್ಟದ ಹತ್ತಿರದ ಆ ತೋಟದ ಮನೆಯಲ್ಲಿ ಕಾಫಿ ಕುಡಿದು, ರೇಷ್ಮೆಹುಳು ಸಾಕುವ ಹುಳುಮನೆ ಕಡೆ ನಡೆದೆ. ಗಂಡು, ಚೈತನ್ಯ, ಬಾಗಿಲಿಗೆ ಅಡ್ಡ ಕೈ ಹಿಡಿದ.

"ಒಳಗೆ ಬರ್ಬೇಡಿ."

ಮೈ ಉರಿಯಿತು. "ಮೀನಿನ ಕೆಲಸದವಳು ಅಂತಾನಾ? ಸ್ನಾನ ಮಾಡ್ಕೊಂಡೇ ಬಂದಿದೀನಿ ಕಣ್ರೀ."

"ಅಯ್ಯೋ, ನಮ್ಮಮ್ಮನ್ನೂ ಬಿಡಲ್ಲ. ಮೊದ್ಲು ಆ ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಿ. ಹೊರಗಿನ ರೋಗ ತಗುಲಿದ್ರೆ ಇಡೀ ಬೆಳೆ ಹೋಗುತ್ತೆ."

ನಾಚಿಕೆಯಾಯಿತು, ತೋರಿಸಿಕೊಳ್ಳಲಿಲ್ಲ. ಸೀರೆ ಎತ್ತಿ ಹಿಡಿದು ಕಾಲು ಅದ್ದಿದೆ. ಅವನು ನನ್ನ ಕಾಲ್ಬೆರಳು ನೋಡುತ್ತಾ ಸಿಕ್ಕಿಬಿದ್ದು, ಹಿಪ್ಪುನೇರಳೆ ಸೊಪ್ಪಿನ ಕಡೆ ತಿರುಗಿದ.

"ನಿಮ್ಮ ಮೀನು ಹೆಂಗಿರುತ್ತೆ?"

"ತೊರಕೆನಾ? ಮೊರದಷ್ಟು ಅಗಲ, ಚಪ್ಪಟೆ, ಬಾಲದಲ್ಲಿ ವಿಷದ ಮುಳ್ಳು. ಕುಂದಾಪುರದ ಅಳಿವೆ ಹತ್ರ, ಆಳ ಇಲ್ಲದ ಕಡೆ ಮರಳು ಹೊದ್ಕೊಂಡು ಮಲಗಿರುತ್ತೆ. ಕಣ್ಣು ಮಾತ್ರ ಹೊರಗೆ."

"ಉಸಿರಾಡೋವಾಗ ಮರಳು ಹೋಗಲ್ವಾ?"

ಇಲ್ಲಿಯವರೆಗೆ ನೋಡಲು ಬಂದ ಯಾವ ಗಂಡೂ ಇದನ್ನು ಕೇಳಿರಲಿಲ್ಲ.

"ಬಾಯಿ, ಕಿವಿರು ಎಲ್ಲಾ ಹೊಟ್ಟೆ ಕಡೆ. ಅದಕ್ಕೇ ಕಣ್ಣಿನ ಹಿಂದೆ ಎರಡು ತೂತು, ನೀರು ಅಲ್ಲಿಂದ ಎಳ್ಕೊಳ್ಳುತ್ತೆ. ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ, ಅದೂ ಒಂದೋ ಎರಡೋ. ಬಸುರಿ ಬಲೆಗೆ ಸಿಕ್ಕಿದ್ರೆ ಜೀವ ಇರೋವಾಗ್ಲೇ ವಾಪಸ್ ಬಿಡ್ರಪ್ಪ ಅಂತ ಮೀನುಗಾರರ ಹತ್ರ ದಿನಾ ಜಗಳ ಆಡೋದೇ ನನ್ನ ಕೆಲಸ."

"ಗೆಲ್ತೀರಾ?"

"ಹೋದ ತಿಂಗಳು ಏಳು ಬಿಡಿಸ್ದೆ."

ಅವನು ನಕ್ಕ. ಈ ಸಲ ಕಣ್ಣು ತಪ್ಪಿಸಲಿಲ್ಲ. ಇವನೇ ಬೇಕು ಅನ್ನಿಸಿದ್ದು ಆಗಲೇ, ಸುಳ್ಳು ಯಾಕೆ ಹೇಳಲಿ.

ಪಡಸಾಲೆಗೆ ಬಂದರೆ ಅವನ ತಾಯಿ ಶ್ಯಾಮಲಮ್ಮ ತೀರ್ಮಾನ ಮಾಡಿಕೊಂಡು ಕೂತಿದ್ದರು.

"ನೋಡಮ್ಮಾ ಶಿರೀಷಾ, ನಮಗೆ ಎಲ್ಲಾ ಒಪ್ಪಿಗೆ. ಮದುವೆ ಆದ್ಮೇಲೆ ಆ ಸಮುದ್ರದ ಕೆಲಸ ಮಾತ್ರ ಬೇಡ."

"ಬಿಡ್ತಾಳೆ ಬಿಡಿ," ಅಂದೇಬಿಟ್ಟರು ಅಪ್ಪ.

"ಬಿಡಲ್ಲ," ಅಂದೆ. "ನಿಮ್ಮ ಮಗ ನಂಗೆ ಇಷ್ಟ ಆಗಿದಾರೆ. ಆದ್ರೂ ಬಿಡಲ್ಲ."

ಚೈತನ್ಯನೇ ಮಾತಾಡಿದ.

"ಅಮ್ಮ, ರೇಷ್ಮೆಗೂಡು ಮಾರ್ಕೆಟ್‌ಗೆ ಹೋದ್ಮೇಲೆ ಹುಳುಮನೆ ತೊಳೆದು ಹದಿನೈದು ದಿನ ಖಾಲಿ ಬಿಡ್ತೀವಲ್ಲ, ಆಗ ನಾನು ಕುಂದಾಪುರಕ್ಕೆ ಹೋಗ್ತೀನಿ. ರಜಾ ಸಿಕ್ಕಾಗ ಅವರು ಬರ್ತಾರೆ."

"ಹೆಂಡ್ತಿ ಹಿಂದೆ ಹೋಗ್ತೀಯೇನೋ?"

"ಹೂಂ ಕಣಮ್ಮ."

ಶ್ಯಾಮಲಮ್ಮ ತಾಂಬೂಲದ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು. ಅಪ್ಪ ಎದ್ದರು. "ನಡಿಯಮ್ಮ, ಮುಗೀತು."

ಸಂಬಂಧ ಕುದುರದ ಮನೆಯಲ್ಲಿ ನಮ್ಮವರು ಊಟಕ್ಕೆ ಕೂರುವುದಿಲ್ಲ. ಅದು ಗೊತ್ತಿದ್ದೇ ಹೇಳಿದೆ, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ: "ನಾನು ಊಟ ಮಾಡ್ಕೊಂಡೇ ಬರೋದು, ಅಪ್ಪ."

ಚೈತನ್ಯ ಎಲ್ಲರೆದುರಿಗೆ ನನ್ನ ಪಕ್ಕದ ಕುರ್ಚಿಗೆ ಬಂದು ಕೂತ. ಒಳಗೆ ಪಾತ್ರೆ ಕುಕ್ಕಿದ ಸದ್ದಾಯಿತು. ಆಮೇಲೆ ಶ್ಯಾಮಲಮ್ಮನ ದನಿ ಬಂತು, ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಮುದ್ದೆ ಎಷ್ಟು ಜನಕ್ಕೆ ಕಟ್ಟಲಿ, ಕೇಳೋ ಅವಳನ್ನ."