ಮೇಜು ಬಿಟ್ಟು ಎದ್ದವಳು

"ರೀ ಮೇಡಂ... ಸಾಲಿನಲ್ಲಿ ಇಷ್ಟು ಜನ ಕಾಯ್ತಿದ್ದಾರೆ, ನೀವು ಎದ್ದು ಹೋಗ್ತಿದ್ದೀರಲ್ಲ!"

ಆ ದನಿಗೆ ಹಳೇಕೋಟೆ ಸೌತೆ ಕೇಂದ್ರದ ತಗಡಿನ ಶೆಡ್ಡು ಒಮ್ಮೆಲೇ ಗಪ್‌ಚುಪ್ಪಾಯಿತು.

ಗ್ರೇಡಿಂಗ್ ಮೇಜಿನಿಂದ ಎದ್ದು ಹೊರಟಿದ್ದ ಧನ್ಯಾ ತಿರುಗಿ ನೋಡಿದಳು. ಇಸ್ತ್ರಿ ಮುರಿಯದ ಬಿಳಿ ಶರ್ಟು, ಕೈಯಲ್ಲಿ ನೀಲಿ ಪುಸ್ತಕ, ಹಣೆಯ ಮೇಲೆ ಗಂಟು... ಬೆಳಗ್ಗಿನಿಂದ ಕಂಬದ ಪಕ್ಕ ನಿಂತಿದ್ದ ಈ ಮನುಷ್ಯನನ್ನು ಅವಳು ಯಾವುದೋ ಗೊಬ್ಬರದ ಏಜೆಂಟ್ ಅಂದುಕೊಂಡಿದ್ದಳು.

"ನೀವ್ಯಾರು ಕೇಳೋಕೆ?"

"ಯೋಗಾನರಸಿಂಹ. ಹಾಸನದ ಹೆಡ್ ಆಫೀಸಿನಿಂದ ಬಂದಿದ್ದೀನಿ. ಈ ವರ್ಷ ನಾಲ್ಕೂ ಕೇಂದ್ರದ ಮ್ಯಾನೇಜರ್‌ಗಳ ಮೌಲ್ಯಮಾಪನ ಮಾಡೋನು ನಾನೇ."

ಧನ್ಯಾ ಬೆನ್ನು ನೇರ ಮಾಡಿಕೊಂಡು ನಿಂತಳು.

"ಹಾಗಾದ್ರೆ ಬರ್ಕೊಳ್ಳಿ ಸಾರ್. ಈಗ ಮೇಜಿನ ಮೇಲೆ ಬಂದಿರೋದು ನಮ್ಮ ಚಿಕ್ಕಪ್ಪನ ಟ್ರೇ. ಸ್ವಂತದವರ ಟ್ರೇ ಬಂದ್ರೆ ನಾನು ಮೇಜು ಬಿಟ್ಟು ಏಳ್ತೀನಿ. ನಮ್ಮ ಸಹಾಯಕಿ ನಾಗಲಕ್ಷ್ಮಕ್ಕ ಗ್ರೇಡ್ ಹಾಕ್ತಾರೆ. ಅದು ಮುಗಿಯೋವರೆಗೂ ನಾನು ಆ ಕಡೆ ಮುಖ ಮಾಡಿ ನಿಂತಿರ್ತೀನಿ. ಇಲ್ಲಿ ಎಲ್ಲರಿಗೂ ಗೊತ್ತು."

ಸಾಲಿನಲ್ಲಿದ್ದ ಚಿಕ್ಕಪ್ಪ ದೇವರಾಜು ಗೊಣಗಿದ. "ಊ ಕಣ್ ಸಾ! ಈ ಉಡುಗಿ ಮ್ಯಾನೇಜರ್ ಆದಾಗ್ಲಿಂದ ನಂಗೆ ಒಂದ್ ಕಾಯಿನ ಉಪಯೋಗ ಆಗಿಲ್ಲ. ಆ ನಾಗಲಕ್ಷ್ಮಿ ಕೈ ಇನ್ನೂ ಬಿಗಿ!"

ಶೆಡ್ಡೆಲ್ಲ ನಕ್ಕಿತು. ಯೋಗಾನರಸಿಂಹನ ಕಿವಿ ಕೆಂಪಾಯಿತು. ನೀಲಿ ಪುಸ್ತಕ ತೆರೆದವನು ಏನೂ ಬರೆಯದೆ ಮುಚ್ಚಿದ.

*

ಹೊನ್ನೆಲೆ ಫುಡ್ಸ್ ಕಂಪನಿಯವರು ರೈತರಿಂದ ಮಿಡಿಸೌತೆ ಕೊಂಡು, ಉಪ್ಪುನೀರಿಗೆ ಹಾಕಿ ಪರದೇಶಕ್ಕೆ ಕಳಿಸುತ್ತಾರೆ. ಕಿರುಬೆರಳಿನಷ್ಟಿದ್ದರೆ ಎ, ಹೆಬ್ಬೆರಳಿನಷ್ಟಾದರೆ ಬಿ, ಅದಕ್ಕಿಂತ ದಪ್ಪವಾದರೆ ಸಿ. ಎರಡು ದಿನ ಬಿಡಿಸದೆ ಬಿಟ್ಟರಂತೂ ಕಾಯಿ ಮುಷ್ಟಿಗೆ ಸಿಗದಷ್ಟು ಊದಿರುತ್ತದೆ, ಅದನ್ನು ವಾಪಸು ಕಳಿಸಬೇಕೆಂದೇ ನಿಯಮ.

ಕಂಪನಿಯವರು ಮ್ಯಾನೇಜರ್‌ಗಳನ್ನೂ ಸೌತೆಕಾಯಿಯಂತೆಯೇ ಅಳೆಯುತ್ತಿದ್ದರು! ಹಳೇಕೋಟೆ, ಅರಕಲಗೂಡು, ಚನ್ನರಾಯಪಟ್ಟಣ, ದೊಡ್ಡಗದ್ದವಳ್ಳಿ... ಈ ನಾಲ್ಕರಲ್ಲಿ ಒಬ್ಬರಿಗೆ ಪ್ರತಿವರ್ಷ ಸಿ ಬರಲೇಬೇಕು. ಸಿ ಬಂದವರು ಕೇಂದ್ರದ ಬೀಗದ ಕೈ ಒಪ್ಪಿಸಿ, ಹಾಸನದ ಗೋದಾಮಿನಲ್ಲಿ ಸಹಾಯಕರಾಗಿ ಕೂರಬೇಕು.

ಧನ್ಯಾ ಕಂಪನಿಯ ಮೊದಲ ಹೆಣ್ಣು ಮ್ಯಾನೇಜರ್. ಆರು ವರ್ಷ ಟ್ರೇ ಹೊತ್ತು, ಆಮೇಲೆ ಆ ಕುರ್ಚಿಗೆ ಬಂದವಳು. ಆ ಬೀಗದ ಕೈ ಅವಳ ಪಾಲಿಗೆ ಬರಿ ಕಬ್ಬಿಣವಾಗಿರಲಿಲ್ಲ.

ಒಂದೊಂದು ಕೇಂದ್ರಕ್ಕೆ ಒಂದು ವಾರ ಅಂತ ಯೋಗಾನರಸಿಂಹನಿಗೆ, ಎಲ್ಲರ ಬಾಯಲ್ಲಿ ಯೋಗಿಗೆ, ಹೇಳಿ ಕಳಿಸಿದ್ದರು. ಅವನು ಹಳೇಕೋಟೆಗೆ ಮಾತ್ರ ಮತ್ತೆ ಮತ್ತೆ ಬಂದ. ಒಂದು ಸಲ ಪೆನ್ನು ಮರೆತೆನೆಂದ, ಇನ್ನೊಂದು ಸಲ ರಿಜಿಸ್ಟರಿನ ಒಂದು ಪುಟ ನೋಡಿಲ್ಲವೆಂದ. ಮೂರನೇ ಸಲ ಬಂದಾಗ ಅವನಿಗೇ ನೆಪ ಸಿಗಲಿಲ್ಲ, ಪಾಪ!

"ಈ ಸಾ ಸೌತೆಕಾಯಿ ನೋಡಕ್ಕೆ ಬತ್ತಾ ಇಲ್ಲ ಕಣವ್ವಾ," ಅಂತ ನಾಗಲಕ್ಷ್ಮಿ ಕಣ್ಣು ಮಿಟುಕಿಸಿದಳು.

"ಸುಮ್ನಿರಿ ಅಕ್ಕ!" ಅಂದ ಧನ್ಯಾಳ ಕೈಯಿಂದ ಎ ಗ್ರೇಡಿನ ಕಾಯಿ ಬಿ ಬುಟ್ಟಿಗೆ ಬಿತ್ತು. ಅದನ್ನು ತಟ್ಟನೆ ಎತ್ತಿ ಸರಿಯಾದ ಬುಟ್ಟಿಗೆ ಹಾಕಿದಳು.

ಒಂದು ಭಾನುವಾರ ಹಾಸನದಲ್ಲಿ ತರಬೇತಿ ಇತ್ತು. ಮುಗಿದ ಮೇಲೆ ಇಬ್ಬರೂ ಅವನ ಬೈಕಿನಲ್ಲಿ ಶೆಟ್ಟಿಹಳ್ಳಿಗೆ ಹೋದರು. ಹಿನ್ನೀರಿನಲ್ಲಿ ಅರ್ಧ ಮುಳುಗಿದ ಹಳೆಯ ಇಗರ್ಜಿಯ ಎದುರು, ದಡದ ಕಲ್ಲಿನ ಮೇಲೆ ಕುಳಿತು ಸುಟ್ಟ ಜೋಳ ತಿಂದರು.

"ಒಂದು ಮಾತು ಕೇಳ್ಲಾ? ಇದು ಆಫೀಸಿನ ಪ್ರಶ್ನೆ ಅಲ್ಲ," ಅಂದ ಯೋಗಿ. "ಇಷ್ಟು ಕಟ್ಟುನಿಟ್ಟಾಗಿರೋ ನೀವು ಯಾವತ್ತೂ ನಿಯಮ ಮುರಿದೇ ಇಲ್ವಾ?"

ಧನ್ಯಾ ಜೋಳದ ಎರಡು ಕಾಳು ಬಿಡಿಸಿದಳು. ಹೇಳಬೇಕೋ ಬೇಡವೋ... ಆದರೆ ಇವನ ಹತ್ತಿರ ಮುಚ್ಚಿಡಲು ಮನಸ್ಸೇ ಬರಲಿಲ್ಲ.

"ಒಂದೇ ಒಂದು ಸಲ. ನಮ್ಮ ಕೇಂದ್ರಕ್ಕೆ ಕಾಯಿ ಹಾಕೋ ಬೈರಯ್ಯಣ್ಣನ ತಾಯಿ ತೀರ್ಕೊಂಡಾಗ. ಎರಡು ದಿನ ಇಡೀ ಕೇರೀಲಿ ಯಾರೂ ಕಾಯಿ ಬಿಡಿಸ್ಲಿಲ್ಲ. ಮೂರನೇ ದಿನ ಅವರು ಊದಿದ ಕಾಯಿ ಹೊತ್ಕೊಂಡು ಬಂದು ನಿಂತ್ರು... ಮೈಲಿಗೆ ಇನ್ನೂ ಕಳೀದ ಮುಖದಲ್ಲಿ. ವಾಪಸು ಕಳಿಸೋಕೆ ಆಗ್ಲಿಲ್ಲ ನಂಗೆ. ಸಿ ಗ್ರೇಡಲ್ಲಿ ತಗೊಂಡೆ. ಆಫೀಸಿಗೆ ಹೇಳ್ಲಿಲ್ಲ."

ಯೋಗಿ ಅವಳನ್ನೇ ನೋಡುತ್ತಿದ್ದ. "ಇದು ನನ್ನ ಹತ್ರಾನೇ ಇರುತ್ತೆ ಧನ್ಯಾ."

ಮೊದಲ ಸಲ ಅವನು ಮೇಡಂ ಅನ್ನಲಿಲ್ಲ! ಬಸ್ಸಿನಲ್ಲಿ ಊರಿಗೆ ಮರಳುವಾಗ ದಾರಿಯುದ್ದಕ್ಕೂ ಆ ಒಂದು ಮಾತನ್ನೇ ಮತ್ತೆ ಮತ್ತೆ ಕೇಳಿಸಿಕೊಂಡಳು.

*

ಹದಿನೈದು ದಿನಕ್ಕೆ ವರದಿ ಬಂತು.

ಹಾಸನದ ಆಫೀಸಿನ ಮೀಟಿಂಗ್ ಹಾಲ್. ನಾಲ್ವರು ಮ್ಯಾನೇಜರ್‌ಗಳ ಮುಂದೆ ನಾಲ್ಕು ಕವರು. ಧನ್ಯಾ ಧೈರ್ಯವಾಗಿಯೇ ಒಡೆದಳು.

ನೂರಕ್ಕೆ ಐವತ್ತೆಂಟು. ಗ್ರೇಡ್: ಸಿ.

ಕಣ್ಣು ಮಂಜಾಯಿತು. ಕೆಳಗಿನ ಸಾಲು ಓದಿದಳು. 'ವೈಯಕ್ತಿಕ ಅನುಕಂಪಕ್ಕೆ ಮಣಿದು, ಸಾವಿನ ಮನೆಯವರಿಂದ ನಿಯಮಬಾಹಿರವಾಗಿ ದಪ್ಪ ಕಾಯಿ ಸ್ವೀಕರಿಸಿದ್ದಾರೆ. ಈ ವಿಷಯವನ್ನು ಆಫೀಸಿಗೆ ತಿಳಿಸಿಲ್ಲ.'

ಅಯ್ಯೋ... ಇದು ರಿಜಿಸ್ಟರಿನಲ್ಲಿ ಇರಲಿಲ್ಲ. ನಾಗಲಕ್ಷ್ಮಿ, ಬೈರಯ್ಯರನ್ನು ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಇದು ಆ ನೀರಿನ ಎದುರು ಕುಳಿತು, ನಂಬಿ ಹೇಳಿದ್ದ ಮಾತು!

ಎದುರಿಗೆ ಕುಳಿತಿದ್ದ ಯೋಗಿ ತಲೆ ಎತ್ತಲಿಲ್ಲ.

ಮೀಟಿಂಗ್ ಮುಗಿದ ಕೂಡಲೇ ಕಾರಿಡಾರಿನಲ್ಲಿ ಅವನನ್ನು ತಡೆದಳು. "ಅರಕಲಗೂಡಿನ ಅನಿಲ್‌ಕುಮಾರ್ ಈ ವರ್ಷ ಎಷ್ಟು ಸಲ ದಪ್ಪ ಕಾಯಿ ತಗೊಂಡಿದ್ದಾರೆ ಗೊತ್ತಾ ನಿಮಗೆ? ಅವರೇ ಕ್ಯಾಂಟೀನಲ್ಲಿ ಜಂಬ ಕೊಚ್ಕೋತಾರೆ! ಅವರ ವರದೀಲಿ ಅದಿದ್ಯಾ?"

"ಇಲ್ಲ... ಅವರು ನನಗೆ ಹೇಳ್ಲಿಲ್ಲ."

"ಹೌದು. ಅವರು ಹೇಳ್ಲಿಲ್ಲ, ಅವರಿಗೆ ಎ. ನಾನು ಹೇಳಿದೆ, ನಂಗೆ ಸಿ. ನಂಬಿದ್ದಕ್ಕೆ ಸರಿಯಾಗಿ ಮಾರ್ಕ್ಸ್ ಹಾಕಿದ್ದೀರಿ ಸಾರ್!"

"ಧನ್ಯಾ, ನಾನು ನ್ಯಾಯವಾಗಿ ಇರೋಕೆ..."

"ಮೇಡಂ ಅನ್ನಿ."

ಅವಳು ತಿರುಗಿ ನೋಡದೆ ನಡೆದಳು. ಹೊಳೆನರಸೀಪುರದ ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕುಳಿತವಳಿಗೆ ಊರು ಬಂದದ್ದೂ ತಿಳಿಯಲಿಲ್ಲ, ಕಂಡಕ್ಟರೇ ಕೂಗಿ ಇಳಿಸಬೇಕಾಯಿತು.

*

ತಿಂಗಳ ಕೊನೆಗೆ ಬೀಗದ ಕೈ ಒಪ್ಪಿಸಬೇಕಿತ್ತು. ಅಲ್ಲಿಯವರೆಗೆ ಧನ್ಯಾ ದಿನವೂ ಬಂದಳು, ಗ್ರೇಡ್ ಹಾಕಿದಳು.

ವಿಷಯ ತಿಳಿದ ಬೈರಯ್ಯ ಟ್ರೇ ಕೆಳಗಿಟ್ಟು ನಿಂತುಬಿಟ್ಟ. "ನನ್ನಿಂದಾಗಿ ಅಲ್ವೇನವ್ವಾ ಇದು? ಅವತ್ತು ಆ ಕಾಯ್ನ ತಿಪ್ಪೆಗೆ ಸುರಿದುಬುಟ್ಟಿದ್ರೆ ಚೆಂದಾಗಿತ್ತು ಕಣವ್ವಾ."

"ನಿಮ್ಮಿಂದ ಅಲ್ಲ ಬೈರಯ್ಯಣ್ಣ. ನಿಮ್ಮಿಂದ ಖಂಡಿತ ಅಲ್ಲ."

ಅವಳು ಹೇಳಿದ್ದು ನಿಜ. ಕುರ್ಚಿ ಹೋದದ್ದು ನೋವೇ. ಅದಕ್ಕಿಂತ ಆ ಸುಟ್ಟ ಜೋಳ, ಆ ನೀರು, 'ನನ್ನ ಹತ್ರಾನೇ ಇರುತ್ತೆ' ಅನ್ನುವ ಆ ದನಿ ಅವಳನ್ನು ಸುಡುತ್ತಿದ್ದವು. ಅದೂ ಮೌಲ್ಯಮಾಪನದ ಒಂದು ವಿಧಾನವೇ ಆಗಿತ್ತಾ? ಬೈಕಿನಲ್ಲಿ ಕೂರಿಸಿಕೊಂಡು ಹೋದದ್ದೂ ಬಾಯಿ ಬಿಡಿಸೋಕೇನಾ? ಛೀ... ಎಷ್ಟು ದಡ್ಡಿ ನಾನು!

ಮರುದಿನ ಮಧ್ಯಾಹ್ನ ಶೆಡ್ಡಿನ ಬಾಗಿಲಲ್ಲಿ ಅವನೇ ನಿಂತಿದ್ದ. ಶರ್ಟು ಮುದುಡಿತ್ತು, ಕೈಯಲ್ಲಿ ಪುಸ್ತಕವಿರಲಿಲ್ಲ.

"ಐದು ನಿಮಿಷ. ಆಮೇಲೆ ಹೊರಟುಹೋಗ್ತೀನಿ."

ನಾಗಲಕ್ಷ್ಮಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಯಾತಕ್ ಬಂದೆ ಸಾ? ಇನ್ನೂ ಏನಾರ ಬರ್ಕೊಳಾದ್ ಬಾಕಿ ಐತಾ?"

"ಇರ್ಲಿ ಅಕ್ಕ. ಹೇಳ್ಲಿ," ಅಂದಳು ಧನ್ಯಾ.

ಯೋಗಿ ಒಳಗೆ ಬಂದು ಮೇಜಿನ ಎದುರು ನಿಂತ. "ಶೆಟ್ಟಿಹಳ್ಳಿಗೆ ಹೋಗೋ ಮೊದಲೇ ನಿಮಗೆ ಎಪ್ಪತ್ತೊಂದು ಹಾಕಿದ್ದೆ. ಬಿ ಗ್ರೇಡ್. ಅವತ್ತು ವಾಪಸು ಬರ್ತಾ ನಂಗೆ ಗೊತ್ತಾಯ್ತು... ನಿಮ್ಮ ಮೇಲೆ ನಂಗೆ ಮನಸ್ಸಾಗಿದೆ ಅಂತ. ಆಮೇಲೆ ಆ ಎಪ್ಪತ್ತೊಂದು ನೋಡಿದ್ರೆ ಭಯ. ಇದು ನಿಮ್ಮ ಕೆಲಸಕ್ಕೆ ಹಾಕಿದ್ದಾ, ನನ್ನ ಮನಸ್ಸಿಗೆ ಹಾಕಿದ್ದಾ? ಅದಕ್ಕೇ ಕಡಿಮೆ ಮಾಡ್ದೆ. ನೀವು ಹೇಳಿದ್ದನ್ನ ಮುಚ್ಚಿಟ್ರೆ ನಿಮ್ಮ ಪರ ಆದ ಹಾಗಾಗುತ್ತೆ ಅಂತ ಅದನ್ನೂ ಬರೆದೆ. ನ್ಯಾಯ ಮಾಡ್ತಿದ್ದೀನಿ ಅಂದ್ಕೊಂಡೆ."

ಧನ್ಯಾ ಎದ್ದು ನಿಂತಳು. ಇಷ್ಟು ದಿನ ಒಳಗೇ ಕುದಿಯುತ್ತಿದ್ದದ್ದು ಈಗ ಬಾಯಿಗೆ ಬಂತು.

"ನ್ಯಾಯ? ನಮ್ಮ ಚಿಕ್ಕಪ್ಪನ ಒಳ್ಳೇ ಕಾಯ್ನೆಲ್ಲ ಬೇಕಂತ ಸಿ ಬುಟ್ಟಿಗೆ ಹಾಕಿ, ನೋಡಿ ನಾನೆಷ್ಟು ಪ್ರಾಮಾಣಿಕಳು ಅಂತ ಮೆರೆದ್ರೆ ಅದು ನ್ಯಾಯಾನಾ? ನಿಮ್ಮ ಹೆಸರು ಕೆಡಬಾರ್ದು ಅಂತ ನನ್ನ ಆರು ವರ್ಷ ತೆಗೆದು ಬಿಸಾಕಿದ್ರಿ! ಮೊದಲ ದಿನವೇ ನೋಡಿದ್ರಲ್ಲ, ಸ್ವಂತದವರು ಅನಿಸಿದ್ರೆ ಏನು ಮಾಡ್ಬೇಕು ಅಂತ? ಮೇಜು ಬಿಟ್ಟು ಏಳ್ಬೇಕಿತ್ತು ನೀವು!"

"ಎದ್ರೆ ಯಾಕೆ ಅಂತ ಕೇಳ್ತಿದ್ರು." ಅವನ ದನಿ ಕುಗ್ಗಿತು. "ನಿಮಗೇ ಹೇಳದ ಮಾತನ್ನ ಆಫೀಸಿಗೆ ಹೇಗೆ ಹೇಳ್ಲಿ?"

ಕೇಳಬೇಕೆಂದು ಎಷ್ಟೋ ದಿನ ಕಾದಿದ್ದ ಮಾತು ಅದು. ಆದರೂ ಅವಳು ಮತ್ತೆ ಕೂತು ಕಾಯಿಯ ಬುಟ್ಟಿ ಎಳೆದುಕೊಂಡಳು.

"ಐದು ನಿಮಿಷ ಆಯ್ತು ಸಾರ್," ಅಂದಳು.

*

ಬೀಗದ ಕೈ ಒಪ್ಪಿಸಲು ಧನ್ಯಾ ಹಾಸನಕ್ಕೆ ಹೋದ ದಿನ, ಡೈರೆಕ್ಟರ್ ಶಾಂತರಾಜು ನಾಲ್ವರು ಮ್ಯಾನೇಜರ್‌ಗಳನ್ನೂ ಒಳಗೆ ಕರೆದರು. ಮೂಲೆಯಲ್ಲಿ ಯೋಗಿ ನಿಂತಿದ್ದ.

"ಬೀಗದ ಕೈ ಆಮೇಲೆ ಕೊಡಮ್ಮ. ಇವರೊಂದು ಪತ್ರ ಬರೆದಿದ್ದಾರೆ. ಎಲ್ಲರ ಮುಂದೆ ಓದಬೇಕು ಅಂತ ಅವರದ್ದೇ ಹಟ." ಶಾಂತರಾಜು ಕನ್ನಡಕ ಏರಿಸಿದರು.

'ಹಳೇಕೋಟೆಯ ಮ್ಯಾನೇಜರ್ ಧನ್ಯಾ ಅವರ ಮೇಲೆ ನನಗೆ ಪ್ರೀತಿ ಇದೆ. ಅದು ತಿಳಿದ ದಿನವೇ ನಾನು ಅವರ ಮೌಲ್ಯಮಾಪನದಿಂದ ಏಳಬೇಕಿತ್ತು. ಏಳಲಿಲ್ಲ. ಪಕ್ಷಪಾತದ ಭಯಕ್ಕೆ ಅವರಿಗೆ ಸಲ್ಲಬೇಕಾದ ಅಂಕ ಕಡಿಮೆ ಮಾಡಿದೆ. ನಂಬಿ ಹೇಳಿದ ಮಾತನ್ನು ಅವರ ವಿರುದ್ಧವೇ ಬರೆದೆ. ಅದೇ ತಪ್ಪನ್ನು ಉಳಿದವರಲ್ಲಿ ಹುಡುಕಲೂ ಇಲ್ಲ. ನಾನು ಕೊಟ್ಟ ನಾಲ್ಕೂ ವರದಿಗಳನ್ನು ರದ್ದು ಮಾಡಿ, ಬೇರೆಯವರಿಂದ ಮತ್ತೆ ಮಾಡಿಸಿ. ಅವರಿಗೆ ನನ್ನ ಮೇಲೆ ಅಂಥ ಭಾವನೆ ಇದೆಯೆಂದು ನಾನು ಹೇಳುತ್ತಿಲ್ಲ. ಇದು ನನ್ನೊಬ್ಬನ ಮಾತು.'

ಅನಿಲ್‌ಕುಮಾರ್ ಕೆಮ್ಮಿದ. ಧನ್ಯಾಳಿಗೆ ನೆಲ ಬಾಯ್ಬಿಡಬಾರದೇ ಅನಿಸಿತು! ನಾಚಿಕೆಯೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ. ಇಷ್ಟು ಜನರ ಮುಂದೆ ಒಬ್ಬ ಮನುಷ್ಯ ಬರಿಗೈಯಲ್ಲಿ ನಿಂತಿದ್ದಾನೆ ಅನ್ನುವುದು ಮಾತ್ರ ಅವಳಿಗೆ ಕಂಡಿತು.

ಕಾರ್ಖಾನೆಯ ಗುಣಮಟ್ಟ ವಿಭಾಗದ ಶೋಭಿತಾ ಹೊಸದಾಗಿ ಮೌಲ್ಯಮಾಪನ ಮಾಡಿದಳು. ದಪ್ಪ ಕಾಯಿಯ ಪ್ರಶ್ನೆಯನ್ನು ನಾಲ್ವರಿಗೂ ಕೇಳಿದಳು, ಬರೆದದ್ದನ್ನು ಅವರವರಿಗೆ ತೋರಿಸಿಯೇ ಸಹಿ ಹಾಕಿಸಿಕೊಂಡಳು. ಧನ್ಯಾಳಿಗೆ ಅರವತ್ತೊಂಬತ್ತು, ಬಿ ಗ್ರೇಡ್ ಬಂತು. ಬೈರಯ್ಯನ ಕಾಯಿ ಮುಚ್ಚಿಟ್ಟದ್ದಕ್ಕೆ ಎರಡು ಅಂಕ ಕಡಿತ. ಧನ್ಯಾ ಓದಿ, ಸರಿಯಾಗಿದೆ ಅಂದು ಸಹಿ ಹಾಕಿದಳು. ಬೀಗದ ಕೈ ಅವಳಲ್ಲೇ ಉಳಿಯಿತು.

"ಈ ವರ್ಷ ಮ್ಯಾನೇಜರ್‌ಗಳಲ್ಲಿ ಯಾರಿಗೂ ಸಿ ಇಲ್ಲ," ಅಂದರು ಶಾಂತರಾಜು. "ಸಿ ಬಂದಿರೋದು ಅಳೆಯೋಕೆ ಹೋದವನಿಗೆ."

ಯೋಗಿಯನ್ನು ಚನ್ನರಾಯಪಟ್ಟಣಕ್ಕೆ ಹಾಕಿದರು. ಹೊಲ ಸುತ್ತಿ ಬಳ್ಳಿಯ ರೋಗ ನೋಡುವ ಕೆಲಸ. ಅವನು ಫೋನ್ ಮಾಡಲಿಲ್ಲ, ಬರಲೂ ಇಲ್ಲ. ದೀಪಾವಳಿ ಕಳೆಯಿತು. ಸಿಟ್ಟು ಇನ್ನೂ ಇದೆಯೇ ಅಂತ ಧನ್ಯಾ ತನ್ನನ್ನೇ ಕೇಳಿಕೊಂಡಳು. ಇತ್ತು... ಆದರೆ ಬೈಕಿನ ಸದ್ದಾದಾಗಲೆಲ್ಲ ತಲೆ ತಾನಾಗಿಯೇ ಬಾಗಿಲ ಕಡೆ ತಿರುಗುತ್ತಿತ್ತು. ಕೊನೆಗೆ ಒಂದು ಸಂಜೆ ತಾನೇ ಮೆಸೇಜ್ ಕಳಿಸಿದಳು. 'ಭಾನುವಾರ ಕೇಂದ್ರ ತೆರೆದಿರುತ್ತೆ.'

*

ಭಾನುವಾರ ಬೆಳಗ್ಗೆ ಸಾಲು ದೊಡ್ಡದಿತ್ತು. ತಲೆ ಬಗ್ಗಿಸಿ ಕಾಯಿ ವಿಂಗಡಿಸುತ್ತಿದ್ದ ಧನ್ಯಾಳ ಮುಂದೆ ಒಂದು ಟ್ರೇ ಬಂದು ಕೂತಿತು.

ಟ್ರೇ ಬೈರಯ್ಯನದು. ಹೊತ್ತು ತಂದ ಕೈ ಬೇರೆಯದು. ಬಿಸಿಲಿಗೆ ಕಪ್ಪಾದ, ಬಳ್ಳಿಯ ಮುಳ್ಳು ಗೀರಿದ ಕೈ. ಅವಳು ಮೆಲ್ಲಗೆ ತಲೆ ಎತ್ತಿದಳು.

"ಬೈರಯ್ಯನವರಿಗೆ ಬೆನ್ನು ನೋವಂತೆ... ಅದಕ್ಕೆ ನಾನು..." ಯೋಗಿ ತಡವರಿಸಿದ.

ಧನ್ಯಾ ಎರಡು ಕಾಯಿ ಕೈಗೆ ತೆಗೆದುಕೊಂಡಳು, ಮತ್ತೆ ಟ್ರೇಯಲ್ಲೇ ಇಟ್ಟಳು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತಳು.

"ನಾಗಲಕ್ಷ್ಮಕ್ಕ, ಈ ಟ್ರೇ ನೀವು ನೋಡಿ."

ಹಿಂದೆ ನಿಂತಿದ್ದ ಬೈರಯ್ಯ ಗಾಬರಿಯಾದ. "ಯಾಕವ್ವಾ? ನಾನೇನ್ ನಿನ್ ನೆಂಟನಲ್ವಲ್ಲಾ!"

"ನೀವಲ್ಲ ಬೈರಯ್ಯಣ್ಣ," ಅಂದಳು ಧನ್ಯಾ, ಕೆನ್ನೆ ಕೆಂಪೇರುತ್ತ. "ಟ್ರೇ ಹಿಡ್ಕೊಂಡಿರೋರು."

ದೇವರಾಜು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ತಗಾ! ಇನ್ನೊಬ್ಬನಿಗೆ ನಾಗಲಕ್ಷ್ಮಿ ಕೈಯೇ ಗತಿ ಆಯ್ತು ಕಣ್ಲಾ!"

ನಗುವಿನ ಗಲಾಟೆಯಲ್ಲಿ ಯೋಗಿ ಅವಳ ಪಕ್ಕಕ್ಕೆ ಬಂದು ನಿಂತ. ಇಬ್ಬರೂ ಮೇಜಿಗೆ ಬೆನ್ನು ಹಾಕಿ, ಆ ಕಡೆ ಮುಖ ಮಾಡಿ ನಿಂತರು. ಅವನ ಕಣ್ಣು ತುಂಬಿತ್ತು.

"ಕ್ಷಮಿಸಿದ್ರಾ ಮೇಡಂ?"

"ಪೂರ್ತಿ ಇಲ್ಲ." ಅವಳು ಅವನ ಗೀರು ಬಿದ್ದ ಬೆರಳನ್ನು ಹಿಡಿದುಕೊಂಡಳು. "ಮತ್ತೆ... ಧನ್ಯಾ ಅನ್ನಿ."