ವಿಭೂತಿ ಗೂಡಿನ ಸುಳ್ಳು ಜೋಡಿ

"ಇದ್ರಲ್ಲಿ ಎಮ್ಮೆ ಸಗಣಿ ಬೆರೆಸಿದ್ದೀರ."

ಒಣಗಿದ ಬೆರಣಿಯೊಂದನ್ನು ಮುರಿದು ಮೂಸಿದ ಮಧುಶ್ರೀ, ಬೆರಣಿ ತಂದು ಟೆಂಪೊದಿಂದ ಇಳಿದ ಹೊಸಬನ ಮುಖಕ್ಕೇ ಅದನ್ನು ಹಿಡಿದಳು.

"ನನ್ ಕೊಟ್ಟಿಗೇಲಿ ಎಮ್ಮೇನೇ ಇಲ್ಲ ಕಣ್ರೀ," ಎಂದ ಸೋಮಶೇಖರ್. "ಅಂತರಸಂತೆ ಕಾಡಂಚಲ್ಲಿ ಮೇಯೋ ನಾಟಿ ಹಸಗಳು. ಅನುಮಾನ ಇದ್ರೆ ಬಂದು ಒಂದೊಂದನ್ನೂ ವಿಚಾರಿಸ್ಕೊಳ್ಳಿ."

"ಹಸ ಸುಳ್ಳು ಹೇಳಲ್ಲ. ಮಾಲೀಕರು ಹೇಳ್ತಾರೆ."

ಅವನು ನಕ್ಕುಬಿಟ್ಟ. ಆ ನಗು ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ... ಆದರೂ ಇನ್ನೊಮ್ಮೆ ತಿರುಗಿ ನೋಡಿದಳು.

ಮಧುಶ್ರೀಯ ಅಪ್ಪ, ಬಿಳಿಕೆರೆಯ ಕಂಠಪ್ಪನ ಮನೆಯಲ್ಲಿ ಮೂರು ತಲೆಮಾರಿನಿಂದ ವಿಭೂತಿ ಮಾಡುತ್ತಾರೆ. ಬೆರಣಿಯನ್ನು ಹೊಟ್ಟಿನ ಗೂಡಿನಲ್ಲಿ ಸುಟ್ಟು, ಬೂದಿಯನ್ನು ನೀರಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ, ಗಟ್ಟಿಗಳಾಗಿ ಒತ್ತಿ ಬಿಸಿಲಿಗಿಡುವ ಕೆಲಸ. ಶಿವರಾತ್ರಿಗೆ ಮಠಕ್ಕೆ ಹೋಗುವ ವಿಭೂತಿಯೆಲ್ಲ ಈ ಮನೆಯದೇ. ಮನೆ ನಡೆಯುವುದೂ ಅದರಿಂದಲೇ.

ಗೂಡಿಗೆ ಬೆಂಕಿ ಇಡುವುದಕ್ಕೆ ಮಾತ್ರ ಒಂದು ಕಟ್ಟಳೆಯಿತ್ತು. ಒಂದೇ ಹುಲ್ಲಿನ ಸೂಡಿಯನ್ನು ಮನೆಯ ದಂಪತಿಯೋ ನಿಶ್ಚಯವಾದ ಗಂಡುಹೆಣ್ಣೋ ಜೋಡಿ ಹಿಡಿದು ಹಚ್ಚಬೇಕು, ಒಂಟಿ ಕೈ ಕೂಡದು. ಹೋದ ವರ್ಷ ಹೆಂಡತಿ ಮಂಗಳಮ್ಮ ಶಿವನ ಪಾದ ಸೇರಿದ ಮೇಲೆ ಕಂಠಪ್ಪ ಒಂಟಿಯಾಗಿದ್ದ.

ಅದೇ ಮಧ್ಯಾಹ್ನ ಮಠದ ಪಾರುಪತ್ಯಗಾರ ಪ್ರಭುಸ್ವಾಮಿ ಬಂದರು. "ಕಂಠಪ್ಪ, ಮನೇಲಿ ಜೋಡಿ ಇಲ್ಲ. ಈ ಸಲ ವಿಭೂತಿಗೆ ಬೇರೆ ಕಡೆ ಹೇಳಾಣ ಅಂತವ್ರೆ ಮಠದಲ್ಲಿ."

ಕಂಠಪ್ಪ ಟೆಂಪೊ ಕಡೆ ತಿರುಗಿದ. "ಮಗಳಿಗೆ ಗಂಡು ಗೊತ್ತಾಗೈತೆ ಸ್ವಾಮಿ. ಅಗೋ, ಅವರೇ."

ಅವನ ಬೆರಳು ಬೆರಣಿ ಇಳಿಸುತ್ತಿದ್ದ ಸೋಮಶೇಖರನ ಕಡೆಗಿತ್ತು.

ಸೋಮಶೇಖರ್ ಮುದುಕನ ಚಾಚಿದ ಬೆರಳನ್ನು ನೋಡಿದ, ಬಾಯಿ ತೆರೆದು ನಿಂತ ಮಧುಶ್ರೀಯನ್ನು ನೋಡಿದ. ತಲೆಯ ಮೇಲಿನ ಬುಟ್ಟಿ ಇಳಿಸಿ, "ಹೌದು ಸ್ವಾಮಿ," ಎಂದ.

ಗೂಡು ಹಚ್ಚುವವರೆಗೆ ಮಾತ್ರ ಈ ನಾಟಕ ಎಂದು ಮೂವರೂ ಒಪ್ಪಿಕೊಂಡರು. ಊರು ನಂಬಬೇಕಲ್ಲ, ಪ್ರತಿ ಮಂಗಳವಾರ ಬೆರಣಿ ತಂದವನು ಅಳಿಯನ ಹಾಗೆ ಉಂಡು ಹೋಗುತ್ತಿದ್ದ. ಮೂರನೆಯ ಮಂಗಳವಾರ ಅವಳು ತಾನೇ ಒತ್ತಿದ, ಬೆನ್ನಿಗೆ ತನ್ನ ಹೆಬ್ಬೆರಳಿನ ಗುರುತಿದ್ದ ಗಟ್ಟಿಯೊಂದನ್ನು ಅವನ ಕೈಗಿಟ್ಟಳು. ಅವನು ಕಣ್ಣಿಗೊತ್ತಿಕೊಂಡ. ಟೆಂಪೊ ಹತ್ತಿ ಹೋದ... ಅವನ ಬಾಯಿಂದ ಬರಬೇಕಾದ ಒಂದು ಮಾತಿಗಾಗಿ ಅವಳು ವಾರವೆಲ್ಲ ಕಾದಳು.

ಗೂಡು ಹಚ್ಚುವ ದಿನ ಬಂತು. ಊರವರು ಸೇರಿದ್ದರು. ಟೆಂಪೊ ನಿಂತಿತು. ಮುಂದಿನ ಸೀಟಿನಿಂದ ಇಳಿದದ್ದು ಒಬ್ಬ ಹೆಂಗಸು!

"ಪವಿತ್ರಾ ಅಂತ, ನಮ್ ಕಡೆ ದನದ ಡಾಕ್ಟರು," ಎಂದ ಸೋಮಶೇಖರ್.

ಪವಿತ್ರಾ ಕರ್ಚೀಫಿಗಾಗಿ ಬ್ಯಾಗು ತೆರೆದಳು. ಒಳಗೆ ವಿಭೂತಿ ಗಟ್ಟಿ, ಅದರ ಬೆನ್ನಿಗೆ ಹೆಬ್ಬೆರಳಿನ ಗುರುತು.

ಮಧುಶ್ರೀ ಆ ಗುರುತನ್ನು ನೋಡಿದಳು, ಅದು ತನ್ನದೇ. 'ನಾ ಕೊಟ್ಟಿದ್ದನ್ನ ಇವಳಿಗೆ ಕೊಟ್ಟನಾ? ಕೊಡಲಿ ಬುಡು. ಸುಳ್ಳು ನಿಶ್ಚಯಕ್ಕೆ ಇಷ್ಟು ಹೊಟ್ಟೆಕಿಚ್ಚು ಯಾಕೆ ಕೊಟ್ಟೆ ಶಿವನೇ...'

ಪ್ರಭುಸ್ವಾಮಿ ಸೂಡಿ ಹೊತ್ತಿಸಿ ನೀಡಿದರು. ಅವಳು ಕೈ ಚಾಚಲಿಲ್ಲ.

"ನಾ ಹಿಡಿಯಲ್ಲ ಸ್ವಾಮಿ. ನಮ್ಮದು ಸುಳ್ಳು ಜೋಡಿ. ಬೇಕಾದ್ರೆ ಈ ಡಾಕ್ಟರಮ್ಮನ್ನೇ ನಿಲ್ಲಿಸ್ಕಳಿ. ಪಕ್ಕದಲ್ಲೇ ಕೂರಿಸ್ಕಂಡು ಬಂದವ್ರೆ, ನಾ ಒತ್ತಿದ್ದ ಗಟ್ಟೀನೂ ಅವರಿಗೇ ಕೊಟ್ಟವ್ರೆ."

ಪವಿತ್ರಾ ನಕ್ಕಳು.

"ನಂಗೆ ಎರಡು ಮಕ್ಕಳವ್ರೆ ಕಣಮ್ಮ. ಬೆಳಿಗ್ಗೆ ಇವರ ಹಸ ಈಯಕ್ಕಾಗದೆ ಒದ್ದಾಡ್ತಿತ್ತು. ಕರು ಬದುಕಿದ್ಮೇಲೆ ಅದರ ಹಣೆಗೆ ಹಚ್ಚಿ ಅಂತ ಕೊಟ್ರು. ನಾ ಹಚ್ಚಿ, ಹಂಗೇ ಬ್ಯಾಗಿಗೆ ಹಾಕ್ಕಂಡು ಗೂಡು ಹಚ್ಚೋದು ನೋಡಣ ಅಂತ ಬಂದೆ. ದಾರಿ ಉದ್ದಕ್ಕೂ ಇವರು ಗಟ್ಟಿ ಜೋಪಾನ ಅಂದಿದ್ದೇ ಅಂದಿದ್ದು, ಜೋಪಾನ ಅಂದಿದ್ದೇ ಅಂದಿದ್ದು... ತಗೋ ತಾಯಿ."

ಮಧುಶ್ರೀಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ತಪ್ಪು ನಂದು ಸ್ವಾಮಿ," ಕಂಠಪ್ಪ ಕೈಮುಗಿದ.

ಪ್ರಭುಸ್ವಾಮಿ ಹೆಗಲಿನ ವಲ್ಲಿ ಸರಿಮಾಡಿಕೊಂಡರು. "ಸುಳ್ಳು ಹೇಳಿ ಹಚ್ಚಿದ ಬೂದೀನ ಭಕ್ತರ ಹಣೆಗೆ ಹೆಂಗಪ್ಪ ಇಡಾದು? ನಾ ಬತ್ತೀನಿ."

"ಒಂದ್ನಿಮಿಷ ಸ್ವಾಮಿ," ಸೋಮಶೇಖರ್ ಅಡ್ಡ ಬಂದ. "ಆವತ್ತು ನಾ ಹೌದು ಅಂದಿದ್ದು ಸುಳ್ಳೇ. ಎರಡನೇ ಮಂಗಳವಾರಕ್ಕೆ ನನ್ ಕಡೆಯಿಂದ ಅದು ನಿಜ ಆಗೋಗಿತ್ತು. ಕಷ್ಟದಲ್ಲಿರೋರ ಮನೇಲಿ ಉಂಡು ಹುಡುಗೀನ ಕೇಳಿದ್ರೆ, ಉಪಕಾರಕ್ಕೆ ಕೂಲಿ ಕೇಳ್ದಂಗೆ ಅಲ್ವಾ? ಅದಕ್ಕೇ ಸುಮ್ಕಿದ್ದೆ. ಅವರ ಕಡೇದು ನಂಗೊತ್ತಿಲ್ಲ."

"ಅವರ ಕಡೇದು ಈಗ ಅರ್ಧ ಬಿಳಿಕೆರೆಗೇ ಕೇಳಿಸ್ತಲ್ಲಪ್ಪ," ಎಂದರು ಪ್ರಭುಸ್ವಾಮಿ. ಆಮೇಲೆ ಅವಳ ಕಡೆ ತಿರುಗಿ ಮೆತ್ತಗೆ ಕೇಳಿದರು. "ಮಠದ ಕೆಲಸ ಮರ್ತುಬುಡು. ಅಪ್ಪನ್ನೂ ಮರ್ತುಬುಡು. ನಿನ್ ಮನಸಲ್ಲಿ ಏನೈತವ್ವ?"

ಮಧುಶ್ರೀ ಗೂಡಿನ ಮುಂದೆ ಕಣ್ಣುಮುಚ್ಚಿ ನಿಂತಳು. ಶಿವನಿಗೂ ಅವಳಿಗೂ ಏನು ಮಾತಾಯಿತೋ...

"ನನ್ ಮನಸಲ್ಲಿ ಇವರೇ ಅವ್ರೆ ಸ್ವಾಮಿ," ಎಂದಳು.

ನಿಶ್ಚಯದ ವೀಳ್ಯ ಅಲ್ಲೇ ಬದಲಾಯಿತು. ಪ್ರಭುಸ್ವಾಮಿ ಮತ್ತೆ ಸೂಡಿ ಹೊತ್ತಿಸಿ ನೀಡಿದರು. ಅವಳು ಹಿಡಿದಳು. ಅವಳ ಬೆರಳುಗಳ ಮೇಲೆ ಅವನ ಬೆರಳುಗಳು ಬಂದು ಕೂತವು. ಹೊಟ್ಟಿನ ಅಂಚು ಕೆಂಪಗಾಯಿತು.

"ಕಣ್ಣಲ್ಲಿ ನೀರು," ಅವನು ಅವಳಿಗಷ್ಟೇ ಕೇಳುವಂತೆ ಅಂದ. "ಹೊಗೆ ಹೋಯ್ತಾ?"

"ಹೊಗೆ ಇನ್ನೂ ಎದ್ದೇ ಇಲ್ಲ ಕಣ್ರೀ..."