ಕಿವಿಸಾರಥಿ ಹೇಳಿದ ಕೊನೆಯ ಓವರ್

"ಮೊನ್ನೆ ಸೆಮಿಫೈನಲ್‌ನಲ್ಲಿ ನಮ್ಮ ಕಿವಿಸಾರಥಿ ಪೂರ್ತಿ ಕುರುಡಾಗಿತ್ತು ಕಣಮ್ಮ! ಗ್ರೌಂಡಲ್ಲಿ ಏನಾಗ್ತಿದೆ ಅಂತ ಅದಕ್ಕೆ ಗೊತ್ತೇ ಇರ್ಲಿಲ್ಲ!"

ಡಾ. ವಾರಿಜಾ ಖುಷಿಗೆ ಟೇಬಲ್ ತಟ್ಟಿದರು. ಕಿವಿಸಾರಥಿಯನ್ನು ತಯಾರಿಸಿದ ತುಮಕೂರಿನ ಪ್ರಯೋಗಾಲಯದ ಕ್ಯಾಂಟೀನಿನಲ್ಲಿ ಅವರೆದುರು ಕೂತಿದ್ದ ಇಂಚರಾ ಕಾಲೇಜು ಹುಡುಗಿಯರ ಕ್ರಿಕೆಟ್ ತಂಡದ ನಾಯಕಿ. ಬಾಯಿಗೆ ಹೊರಟಿದ್ದ ತಟ್ಟೆ ಇಡ್ಲಿಯ ತುಂಡು ಅವಳ ಕೈಯಲ್ಲೇ ನಿಂತಿತು.

"ಹಂಗಂದ್ರೇನ್ ಮೇಡಂ? ಮ್ಯಾಚ್ ಪೂರ್ತಿ ವಟವಟ ಅಂತಾನೇ ಇತ್ತಲ್ಲ!"

ಕಿವಿಸಾರಥಿ ಬಂದ ಮೇಲೆ ನಾಯಕರ ಕೆಲಸ ಹೂವಿನಷ್ಟು ಹಗುರಾಗಿತ್ತು. ಹುರುಳಿಕಾಳಿನಷ್ಟು ಚಿಕ್ಕ ಯಂತ್ರ. ಕಿವಿಯ ಹಿಂದೆ ಅಂಟಿಸಿಕೊಂಡರೆ ಸಾಕು. ಗಾಳಿಯ ದಿಕ್ಕು, ಪಿಚ್ಚಿನ ತೇವ, ಪ್ರತಿ ಆಟಗಾರ್ತಿಯ ನಾಡಿಮಿಡಿತ, ಎಲ್ಲವನ್ನೂ ಮೈದಾನದ ಸುತ್ತಲಿನ ಸೆನ್ಸರ್ ಕಂಬಗಳಿಂದ ಪಡೆದು ಲೆಕ್ಕ ಹಾಕುತ್ತಿತ್ತು. ಯಾರಿಗೆ ಬಾಲ್ ಕೊಡಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂದು ನಾಯಕಿಗಷ್ಟೇ ಕೇಳುವಂತೆ ಉಸುರುತ್ತಿತ್ತು. ಗೆಳತಿಯನ್ನು ತಂಡದಿಂದ ಕೈಬಿಡಬೇಕಾಗಿ ಬಂದರೂ ಈಗ ಮುಖ ತಪ್ಪಿಸಿ ಓಡಾಡಬೇಕಿರಲಿಲ್ಲ. "ನಾನಲ್ಲ ಕಣೇ, ಸಾರಥಿ ಹೇಳ್ತು" ಎಂದರೆ ಮುಗಿಯಿತು. ಯಂತ್ರದ ಮೇಲೆ ಯಾರು ತಾನೇ ಮುನಿಸಿಕೊಳ್ಳುತ್ತಾರೆ?

"ಹಿಂದಿನ ದಿನದ ಸಿಡಿಲಿಗೆ ಕಂಬಗಳೆಲ್ಲ ಸತ್ತೋಗಿದ್ವು. ನಮಗೆ ಗೊತ್ತಾಗಿದ್ದು ಇವತ್ತು," ಎಂದರು ವಾರಿಜಾ.

"ಮತ್ತೆ ನನ್ ಕಿವೀಲಿ ಮಾತಾಡಿದ್ ಯಾರು?"

"ನೀನೇ! ಸಾರಥಿ ಇನ್ನೊಂದು ಕೆಲಸನೂ ಮಾಡತ್ತೆ. ನಾಯಕರ ಮನಸ್ಸು ಯಾವ ಕಡೆ ವಾಲ್ತಿದೆ ಅಂತ ನರಗಳಿಂದ ಓದ್ಕೊಳ್ಳತ್ತೆ. ಹೇಳಿದ್ದನ್ನ ಅವರು ಒಪ್ಪೋ ಹಾಗೆ ಹೇಳ್ಬೇಕಲ್ಲ, ಅದಕ್ಕೆ. ಹೊರಗಿನ ಮಾಹಿತಿ ನಿಂತೋದಾಗ ಅದೊಂದೇ ಉಳೀತು. ನಿನ್ನ ಆಸೆನೇ ನಿನಗೆ ವಾಪಸ್ ಹೇಳಿದೆ. ಆದ್ರೂ ಗೆದ್ರಿ ನೋಡು! 'ಪ್ರತಿಧ್ವನಿ ನಾಯಕತ್ವ' ಅಂತ ಪ್ರಬಂಧ ಬರೀತೀನಿ, ನಿನ್ನ ಫೋಟೋನೂ ಹಾಕ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಇಂಚರಾಳ ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು. ಮುಖ ಬಿಸಿಯಾಯಿತು.

ಅಂದು ಕೊನೆಯ ಓವರಿನಲ್ಲಿ ಎದುರಾಳಿಗಳಿಗೆ ಎಂಟು ರನ್ ಬೇಕಿತ್ತು. ಇಡೀ ಪಂದ್ಯದಲ್ಲಿ ಒಂದು ಬೌಂಡರಿಯನ್ನೂ ಕೊಡದ ಜುಬೇದಾ ಬಾಲನ್ನು ಪ್ಯಾಂಟಿಗೆ ಉಜ್ಜುತ್ತಾ ತನ್ನ ರನ್‌ಅಪ್‌ ಗುರುತಿನ ಮೇಲೆ ನಿಂತಿದ್ದಳು. ಪೆವಿಲಿಯನ್ನಿನಲ್ಲಿ ರಾಜ್ಯ ತಂಡದ ಆಯ್ಕೆಗಾರರು ಕೂತಿದ್ದರು. ಇಂಚರಾ ಓಡಿಹೋಗಿ ಬಾಲ್ ಕಸಿದುಕೊಂಡಿದ್ದಳು. "ಸಾರಥಿ ನಿನ್ನ ಬೇಡ ಅಂತಿದೆ ಕಣೇ. ನಾನೇ ಹಾಕ್ಬೇಕಂತೆ." ಹಾಕಿದಳು, ಗೆದ್ದಳು, ಹೆಗಲೇರಿ ಮೆರೆದಳು. ಅಷ್ಟಕ್ಕೇ ಬಿಡದೆ ಮೈಕಿನ ಮುಂದೆ, "ಒತ್ತಡ ಬಂದ್ರೆ ಜುಬೇದಾ ನಡುಗ್ತಾಳೆ ಅಂತ ಸಾರಥಿಗೆ ಗೊತ್ತಾಗಿರ್ಬೇಕು" ಎಂದು ನಕ್ಕಿದ್ದಳು. ಯಂತ್ರವೇ ನಂಬದ ಬೌಲರನ್ನು ನಾವೇಕೆ ನಂಬಬೇಕು ಎಂದು ಆಯ್ಕೆಗಾರರು ಜುಬೇದಾಳನ್ನು ಪಕ್ಕಕ್ಕೆ ಸರಿಸಿದ್ದರು. ನಾಳೆ ಹನ್ನೊಂದಕ್ಕೆ ಅವರ ಅಂತಿಮ ಸಭೆ.

"ಮೇಡಂ, ಆಯ್ಕೆಗಾರರಿಗೆ ಇದನ್ನ ನೀವೇ ಹೇಳ್ಬಿಡ್ತೀರಾ?"

"ಕಂಬ ಕೆಟ್ಟಿದ್ದು ನಾನು ಹೇಳ್ತೀನಮ್ಮ. ನಿನ್ನ ಮನಸ್ಸಲ್ಲಿ ಏನಿತ್ತು ಅಂತ ನಾನ್ ಹೆಂಗೆ ಹೇಳ್ಲಿ?"

ಇಂಚರಾ ಕಿವಿಸಾರಥಿಯನ್ನು ಕಿತ್ತು ಚಟ್ನಿ ಬಟ್ಟಲಿನ ಪಕ್ಕ ಇಟ್ಟಳು. ಹೊರಗೆ ಬಂದು ಜುಬೇದಾಳಿಗೆ ಫೋನ್ ಮಾಡಿದಳು. ಏನು ಹೇಳಬೇಕೆಂದು ಯಾರಾದರೂ ಉಸುರುತ್ತಾರೇನೋ ಎಂಬಂತೆ ಕತ್ತು ವಾಲಿಸಿದಳು. ಕಿವಿಯೊಳಗೆ ರಿಂಗಣವೊಂದೇ.

"ಏನೇ ಕ್ಯಾಪ್ಟನ್, ಕಾಲೇಜ್ ಗೇಟಿನ ಪೋಸ್ಟರಲ್ಲಿ ಭಾರೀ ಮಿಂಚ್ತಿದೀಯ!"

"ಜುಬ್ಬಿ... ಅವತ್ತು ನಿನ್ನ ಬೇಡ ಅಂದಿದ್ದು ಸಾರಥಿ ಅಲ್ಲ ಕಣೇ. ನಾನು."

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

"ಗೊತ್ತು," ಎಂದಳು ಜುಬೇದಾ.

"ಹೆಂಗೆ? ನಂಗೇ ಇವಾಗ ಗೊತ್ತಾಯ್ತು!"

"ಅದು ಮಾತಾಡ್ದಾಗೆಲ್ಲ ನೀನು ಕೋಳಿ ಥರ ಕತ್ತು ವಾರೆ ಮಾಡ್ತೀಯಲ್ಲ. ಅವತ್ತು ಕತ್ತು ವಾರೆ ಆಗೋಕ್ ಮುಂಚೆನೇ ಕಾಲು ಓಡ್ಬಂತು."

"ಮತ್ತೆ ಯಾಕೇ ಸುಮ್ನಿದ್ದೆ?"

"ಮೆಷಿನ್ ಸುಳ್ಳು, ನಾನು ನಿಜ ಅಂದ್ರೆ ಯಾರೇ ನಂಬ್ತಾರೆ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು. ರಸ್ತೆ ಬದಿಯಲ್ಲಿ ನಿಂತ ಇಂಚರಾಳಿಗೆ ಹೋಗಿಬರುವವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. "ನಾಳೆ ಸಭೆಗೆ ಹೋಗಿ ಎಲ್ಲರ ಮುಂದೆ ಹೇಳ್ತೀನಿ ಕಣೇ. ಅವ್ರು ನನ್ನನ್ನೇ ಕೈಬಿಟ್ರೂ ಪರವಾಗಿಲ್ಲ."

"ಹೇಳು, ಬೇಡ ಅಂದೋರ್ಯಾರು? ಆದ್ರೆ ಮೊದಲು ಬೆಳಿಗ್ಗೆ ಏಳಕ್ಕೆ ನೆಟ್ಸ್‌ಗೆ ಬಾ. ಪ್ಯಾಡ್ ಕಟ್ಕೊಂಡು."

"ಪ್ಯಾಡ್ ಯಾಕೆ?"

"ಅವತ್ತಿನ ನನ್ನ ಆರು ಬಾಲು ನಿನ್ನ ಹತ್ರನೇ ಉಳ್ಕೊಂಡಿದೆಯಲ್ಲ, ಅದಕ್ಕೆ," ಎಂದಳು ಜುಬೇದಾ. "ಹೆಲ್ಮೆಟ್ ಮರೀಬೇಡ."